ಅದ್ವಿತೀಯ ಎಂಬ ಪದ ಮತ್ತು ಒಂದು ಹಾಯಿನಾವೆಯ ಚರಿತ್ರೆ

ಸ್ನಾತಕೋತ್ತರ ತರಗತಿಯಲ್ಲಿ ಹಳಗನ್ನಡ ಕವಿಗಳ ಬಿರುದುಗಳನ್ನು ಕುರಿತು ಪಾಠ ಹೇಳುವಾಗ ‘ಅದ್ವಿತೀಯ’ ಎಂಬ ಪದವನ್ನು ಬಿಡಿಸಿ ತೋರಿಸಲು ನಾನು ಹಲವು ವರ್ಷಗಳಿಂದ ಒಂದೇ ಕಥೆಯನ್ನು ಹೇಳುತ್ತ ಬಂದಿದ್ದೆ. 1851ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪವನ್ನು ಸುತ್ತಿಬರುವ ಹಾಯಿನಾವೆಗಳ ಪಂದ್ಯ ನಡೆಯಿತು. ವಿಕ್ಟೋರಿಯಾ ರಾಣಿ ತನ್ನ ಹಡಗಿನಿಂದ ಅದನ್ನು ನೋಡುತ್ತಿದ್ದಳು. ಮುಂದಿರುವ ನಾವೆ ಯಾವುದೆಂದು ಆಕೆ ಕೇಳಿದಾಗ ‘ಅಮೆರಿಕ’ ಎಂಬ ಉತ್ತರ ಬಂತು. ಎರಡನೆಯದು ಯಾವುದು ಎಂದು ಕೇಳಿದಾಗ, ಎರಡನೆಯದು ಎಂಬುದೇ ಇಲ್ಲ ಎಂದು ನಾವಿಕ ಅರಿಕೆ ಮಾಡಿಕೊಂಡನಂತೆ. ‘ದ್ವಿತೀಯವಿಲ್ಲದ್ದು ಅದ್ವಿತೀಯ’ ಎಂದು ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ತರಗತಿ ಸಂತೋಷಪಡುತ್ತಿತ್ತು, ನಾನೂ ಸಂತೋಷಪಡುತ್ತಿದ್ದೆ.

ಒಂದು ವರ್ಷ ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತಳು. “ಸರ್, ನಿಜವಾಗಿ ಎರಡನೆಯದಾಗಿ ಬಂದ ದೋಣಿಯ ಹೆಸರೇನು?” ಎಂದಳು. ನನಗೆ ಗೊತ್ತಿರಲಿಲ್ಲ. “ಹುಡುಕಿ ಹೇಳುತ್ತೇನಮ್ಮ” ಎಂದೆ. ಗ್ರಂಥಸಂಪಾದನೆಯನ್ನು ಬೋಧಿಸುವವನು, ಒಂದು ಪದದ ಪಾಠಾಂತರಕ್ಕಾಗಿ ನಾಲ್ಕು ಪ್ರತಿಗಳನ್ನು ನೋಡಬೇಕೆಂದು ಉಪದೇಶಿಸುವವನು, ಇಷ್ಟು ವರ್ಷ ಹೇಳಿದ ಕಥೆಯ ಒಂದು ಪ್ರತಿಯನ್ನೂ ನೋಡಿರಲಿಲ್ಲ ಎಂಬುದು ಅಂದು ನನಗೆ ನಾಚಿಕೆ ತಂದಿತು. ಆ ನಾಚಿಕೆಯೇ ಈ ಲೇಖನಕ್ಕೆ ಮೂಲ.

‘ಅಮೆರಿಕ’ ಎರಡು ಕೂವೆಮರಗಳ, ಸ್ಕೂನರ್ ವರ್ಗದ ಹಾಯಿನಾವೆ. ಇದರ ಉದ್ದ ಸುಮಾರು 101 ಅಡಿ. ನ್ಯೂಯಾರ್ಕ್ ಯಾಚ್ ಕ್ಲಬ್ಬಿನ ಅಧ್ಯಕ್ಷ ಜಾನ್ ಕಾಕ್ಸ್ ಸ್ಟೀವನ್ಸ್ ಮತ್ತು ಆತನ ಸಂಗಡಿಗರಿಗಾಗಿ ಜಾರ್ಜ್ ಸ್ಟೀರ್ಸ್ ಇದನ್ನು ರೂಪಿಸಿದನು. ವಿಲಿಯಂ ಬ್ರೌನ್ ತನ್ನ ಕಟ್ಟೆಯಲ್ಲಿ ಕಟ್ಟಿದನು. ಒಪ್ಪಂದದ ಬೆಲೆ 30,000 ಡಾಲರ್. ನಾವೆ ತಡವಾಗಿ ಸಿದ್ಧವಾಯಿತು; ಪರೀಕ್ಷಾ ಓಟದಲ್ಲಿ ಸ್ಟೀವನ್ಸನದೇ ಆದ ‘ಮರಿಯಾ’ ಎಂಬ ನಾವೆಗೆ ಸೋತಿತು. ಕೊನೆಗೆ 20,000 ಡಾಲರಿಗೆ ಅದನ್ನು ಕೊಂಡರು. ಅದ್ವಿತೀಯವೆಂದು ಹೆಸರಾಗಲಿದ್ದ ನಾವೆ ತನ್ನ ತವರಿನಲ್ಲಿಯೇ ದ್ವಿತೀಯವಾಗಿತ್ತು ಎಂಬುದು ಗಮನಾರ್ಹ.

ಅಂದಿನ ಇಂಗ್ಲಿಷ್ ನಾವೆಗಳ ಮುಂಭಾಗ ಉಬ್ಬಿ ದುಂಡಾಗಿ, ಹಿಂಭಾಗ ಸಪುರವಾಗಿ ಇರುತ್ತಿತ್ತು. ಸ್ಟೀರ್ಸನ ನಾವೆಯ ಮೂತಿ ಒಳಬಾಗಿದ ರೇಖೆಗಳಿಂದ ಚೂಪಾಗಿದ್ದು, ಅಗಲ ಹಿಂದಕ್ಕೆ ಸರಿದಿತ್ತು. ಅದು ನೀರನ್ನು ನೂಕದೆ ಸೀಳುತ್ತಿತ್ತು. ಕೂವೆಮರಗಳು ಹಿಂದಕ್ಕೆ ವಾಲಿದ್ದವು. ಇಂಗ್ಲಿಷರ ಹಾಯಿಗಳು ಅಗಸೆನಾರಿನ ಬಟ್ಟೆಯವು. ಗಾಳಿ ತುಂಬಿದಾಗ ಜೋಳಿಗೆಯಂತೆ ಉಬ್ಬುತ್ತಿದ್ದವು. ‘ಅಮೆರಿಕ’ದ ಹಾಯಿಗಳು ಯಂತ್ರದಲ್ಲಿ ನೆಯ್ದ ಹತ್ತಿಬಟ್ಟೆಯವಾಗಿದ್ದು, ಬಿಗಿಯಾಗಿ ಚಪ್ಪಟೆಯಾಗಿ ನಿಲ್ಲುತ್ತಿದ್ದವು. ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗುವಾಗ ಇದರಿಂದ ಹೆಚ್ಚಿನ ಅನುಕೂಲವಿತ್ತು. ಅದರ ಗೆಲುವಿಗೆ ಇಂತಹ ಕಾರಣಗಳಿದ್ದವು, ಅದು ಪವಾಡವಲ್ಲ.

ಇನ್ನು ಪಂದ್ಯದ ವಿಷಯ. 1851ರ ಆಗಸ್ಟ್ 22ರಂದು ಬೆಳಿಗ್ಗೆ ಕೌಸ್ ಬಂದರಿನಿಂದ ರಾಯಲ್ ಯಾಚ್ ಸ್ಕ್ವಾಡ್ರನ್ನಿನ ಪಂದ್ಯ ಆರಂಭವಾಯಿತು. ಎದುರಾಳಿಗಳಾಗಿ ಹನ್ನೆರಡಕ್ಕೂ ಹೆಚ್ಚು ಬ್ರಿಟಿಷ್ ನಾವೆಗಳಿದ್ದವು. ‘ಅಮೆರಿಕ’ ಎಲ್ಲರಿಗಿಂತ ತಡವಾಗಿ ಹೊರಟು, ಬೇಗನೆ ಮುಂದಿನವರನ್ನು ಹಿಂದಿಕ್ಕಿತು. ನ್ಯಾಬ್ ಎಂಬ ದೀಪನೌಕೆಯ ಹೊರಗಿನಿಂದ ಸುತ್ತಿಬರುವುದು ರೂಢಿ. ಆದರೆ ಸೂಚನಾಪತ್ರಗಳಲ್ಲಿ ಈ ಬಗೆಗೆ ಏಕರೂಪತೆ ಇರಲಿಲ್ಲ. ಕೆಲವರು ಹೊರಗಿನಿಂದ ಹೋದರು. ‘ಅಮೆರಿಕ’ ಒಳಗಿನಿಂದ ಹೋಯಿತು. ಈ ಕುರಿತು ಆಕ್ಷೇಪಣೆ ಬಂದು, ಬಳಿಕ ಅದನ್ನು ಹಿಂತೆಗೆದುಕೊಳ್ಳಲಾಯಿತು. ಒಂದೇ ಆಜ್ಞೆಯ ಎರಡು ಪಾಠಗಳು ಚಲಾವಣೆಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಗ್ರಂಥಸಂಪಾದಕರಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ದಾರಿಯಲ್ಲಿ ‘ಆ್ಯರೋ’ ನೆಲಕಚ್ಚಿತು. ಅದರ ನೆರವಿಗೆ ಹೋದ ‘ಅಲಾರ್ಮ್’ ಪಂದ್ಯವನ್ನೇ ಬಿಟ್ಟುಕೊಟ್ಟಿತು. ‘ವೊಲಾಂಟೆ’ ಮತ್ತೊಂದು ನಾವೆಯ ಡಿಕ್ಕಿಯಿಂದ ಜಖಂಗೊಂಡಿತು.

ದ್ವೀಪದ ಪಶ್ಚಿಮ ತುದಿಯ ನೀಡಲ್ಸ್ ಬಂಡೆಗಳ ಹತ್ತಿರ ರಾಣಿಯ ಹಡಗು ಇತ್ತು. ‘ಅಮೆರಿಕ’ ಅಲ್ಲಿಗೆ ಬಂದಾಗ ಬಹಳ ಮುಂದಿತ್ತು ಎಂಬುದು ನಿಜ. ಆದರೆ ಅಲ್ಲಿಂದ ಮುಂದೆ ಗಾಳಿ ತಗ್ಗಿತು. ಹಿಂದೆ ಬರುತ್ತಿದ್ದ ಚಿಕ್ಕ ನಾವೆಯೊಂದು ಅಂತರವನ್ನು ಕಡಿಮೆ ಮಾಡುತ್ತ ಬಂತು. ರಾತ್ರಿ ಎಂಟೂವರೆ ಕಳೆದ ಮೇಲೆ ‘ಅಮೆರಿಕ’ ಗುರಿ ಮುಟ್ಟಿತು. ಎರಡನೆಯದು ಎಂಟು ನಿಮಿಷಗಳ ಬಳಿಕ ಬಂತೆಂದು ಒಂದು ಲೆಕ್ಕ, ಹದಿನೆಂಟು ನಿಮಿಷಗಳ ಬಳಿಕ ಬಂತೆಂದು ಇನ್ನೊಂದು ಲೆಕ್ಕ. ಆ ನಾವೆಯ ಹೆಸರು ‘ಅರೋರಾ’. ‘ಅಮೆರಿಕ’ 170 ಟನ್ನಿನದು, ‘ಅರೋರಾ’ 47 ಟನ್ನಿನದು. ಗಾತ್ರಕ್ಕೆ ತಕ್ಕಂತೆ ಚಿಕ್ಕ ನಾವೆಗಳಿಗೆ ಕಾಲದ ರಿಯಾಯಿತಿ ಕೊಡುವ ಪದ್ಧತಿ ಆಗಲೂ ಇತ್ತು. ಈ ಪಂದ್ಯದಲ್ಲಿ ಮಾತ್ರ ಅದು ಅನ್ವಯಿಸಲಿಲ್ಲ.

ರಾಣಿಯ ಸಂಭಾಷಣೆಯನ್ನು ಚರಿತ್ರಕಾರರು ಐತಿಹ್ಯವೆಂದೇ ಪರಿಗಣಿಸುತ್ತಾರೆ. ಅದನ್ನು ನಿಜವೆಂದು ಒಪ್ಪಿದರೂ, ಆ ಮಾತು ಸಲ್ಲುವುದು ನೀಡಲ್ಸ್ ಬಂಡೆಗಳ ಬಳಿಯ ಒಂದು ಗಳಿಗೆಗೆ ಮಾತ್ರ. ಕಥೆ ಅಲ್ಲಿಯೇ ನಿಂತಿತು. ದೋಣಿಗಳು ಮುಂದೆ ಸಾಗಿದವು.

ಗೆಲುವಿಗೆ ಸಿಕ್ಕಿದ್ದು ಬೆಳ್ಳಿಯ ಒಂದು ಹೂಜಿ. ಅದರ ಬೆಲೆ ನೂರು ಪೌಂಡು. ಮುಂದೆ ಅದನ್ನು ‘ನೂರು ಗಿನಿಯ ಕಪ್’ ಎಂದು ತಪ್ಪಾಗಿ ಕರೆಯತೊಡಗಿದರು. ಆ ಸ್ಖಾಲಿತ್ಯವೇ ಹಲವು ಪುಸ್ತಕಗಳಲ್ಲಿ ಉಳಿದಿದೆ. ಹೂಜಿಗೆ ತಳವಿಲ್ಲ, ಅದರಲ್ಲಿ ನೀರು ನಿಲ್ಲುವುದಿಲ್ಲ. 1857ರಲ್ಲಿ ಮಾಲೀಕರು ಅದನ್ನು ರಾಷ್ಟ್ರಗಳ ನಡುವಿನ ಸೌಹಾರ್ದ ಪಂದ್ಯಕ್ಕೆಂದು ನ್ಯೂಯಾರ್ಕಿನ ಕ್ಲಬ್ಬಿಗೆ ಒಪ್ಪಿಸಿದರು. ‘ಅಮೆರಿಕಾಸ್ ಕಪ್’ ಎಂಬ ಹೆಸರು ಬಂದದ್ದು ಈ ನಾವೆಯಿಂದ, ದೇಶದಿಂದಲ್ಲ. 1983ರಲ್ಲಿ ‘ಆಸ್ಟ್ರೇಲಿಯಾ 2’ ಎಂಬ ನಾವೆ, ಅಡಿಭಾಗದಲ್ಲಿ ರೆಕ್ಕೆಗಳಂತಹ ರಚನೆಯುಳ್ಳದ್ದು, ಒಂದಕ್ಕೆ ಮೂರರಂತೆ ಹಿಂದೆ ಬಿದ್ದಿದ್ದರೂ ಕೊನೆಗೆ ಮೂರಕ್ಕೆ ನಾಲ್ಕರಂತೆ ಗೆದ್ದು ಅದನ್ನು ಕೊಂಡೊಯ್ಯಿತು. ಹೂಜಿ ಅಮೆರಿಕನ್ನರ ಕೈಯಲ್ಲಿದ್ದುದು 132 ವರ್ಷ.

ಹೂಜಿಗೆ ದೊರೆತ ಗೌರವ ನಾವೆಗೆ ದೊರೆಯಲಿಲ್ಲ. ಗೆದ್ದು ಎರಡು ವಾರ ತುಂಬುವ ಮೊದಲೇ ಮಾಲೀಕರು ಅದನ್ನು ಇಂಗ್ಲೆಂಡಿನಲ್ಲಿಯೇ ಮಾರಿ ಊರಿಗೆ ಮರಳಿದರು. ಕೈಯಿಂದ ಕೈಗೆ ದಾಟುತ್ತ ‘ಕ್ಯಾಮಿಲ್ಲಾ’ ಎಂಬ ಹೆಸರು ಪಡೆಯಿತು. ಹಲವು ಮರಗಳು ಲಡ್ಡಾಗಿ ಹೊಸದಾಗಿ ಕಟ್ಟಿಸಿಕೊಂಡಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಕೈಸೇರಿ, ಉತ್ತರದವರ ನೌಕಾ ದಿಗ್ಬಂಧನವನ್ನು ಭೇದಿಸುವ ಕೆಲಸಕ್ಕೆ ಬಿತ್ತು. 1862ರಲ್ಲಿ ಉತ್ತರದ ಸೈನ್ಯ ಫ್ಲಾರಿಡಾದ ಜಾಕ್ಸನ್‌ವಿಲ್ಲನ್ನು ಹಿಡಿದಾಗ ದಕ್ಷಿಣದವರೇ ಅದನ್ನು ನದಿಯಲ್ಲಿ ಮುಳುಗಿಸಿದರು. ಉತ್ತರದವರು ಮೇಲೆತ್ತಿ, ಹಳೆಯ ಹೆಸರಿಟ್ಟು, ತೋಪುಗಳನ್ನೇರಿಸಿ, ಅದೇ ದಿಗ್ಬಂಧನದ ಕಾವಲಿಗೆ ನಿಲ್ಲಿಸಿದರು. ಬಳಿಕ ಅದು ನೌಕಾ ಅಕಾಡೆಮಿಯ ಹುಡುಗರಿಗೆ ತರಬೇತಿಯ ನಾವೆಯಾಯಿತು. 1870ರಲ್ಲಿ ತನ್ನ ಹೆಸರಿನ ಕಪ್ಪಿನ ರಕ್ಷಣೆಗೆ ಮೊದಲ ಪಂದ್ಯ ನಡೆದಾಗ ಅದೂ ಸ್ಪರ್ಧಿಸಿತು. ‘ಮ್ಯಾಜಿಕ್’ ಗೆದ್ದಿತು, ‘ಅಮೆರಿಕ’ಕ್ಕೆ ನಾಲ್ಕನೆಯ ಸ್ಥಾನ.

1873ರಲ್ಲಿ ಬೆಂಜಮಿನ್ ಬಟ್ಲರ್ ಎಂಬ ನಿವೃತ್ತ ಸೇನಾಧಿಪತಿ 5,000 ಡಾಲರಿಗೆ ಕೊಂಡು ಪ್ರೀತಿಯಿಂದ ನೋಡಿಕೊಂಡನು. ಆತನ ಕಾಲಾನಂತರ ಅದು ಮತ್ತೆ ಅನಾಥವಾಯಿತು. 1921ರಲ್ಲಿ ಅಭಿಮಾನಿಗಳು ಹಣ ಕೂಡಿಸಿ ಅದನ್ನು ಅನ್ನಾಪೊಲಿಸಿನ ನೌಕಾ ಅಕಾಡೆಮಿಗೆ ಒಪ್ಪಿಸಿದರು. ಅಲ್ಲಿಯೂ ದುರಸ್ತಿ ಆಗಬೇಕಾದಷ್ಟು ಆಗಲಿಲ್ಲ. 1942ರ ಮಾರ್ಚ್ 29ರಂದು ಸುರಿದ ಭಾರಿ ಹಿಮದಿಂದ ಅದರ ಮೇಲಿದ್ದ ಸೂರು ಕುಸಿದು ನಾವೆ ಜಜ್ಜಿಹೋಯಿತು. 1945ರಲ್ಲಿ ಅವಶೇಷಗಳನ್ನು ಒಡೆದು ಸುಟ್ಟರು. ನಮ್ಮ ನಾಡಿನ ಮನೆಗಳ ಅಟ್ಟಗಳ ಮೇಲೆ ಮಳೆನೀರಿಗೂ ಗೆದ್ದಲಿಗೂ ಬಿಟ್ಟುಬಿಟ್ಟ ಓಲೆಗರಿಯ ಕಟ್ಟುಗಳನ್ನು ಕಂಡವನಾದ ನನಗೆ, ಸೂರು ಕುಸಿದ ಆ ಸಂಗತಿಯನ್ನು ಓದಿದಾಗ ಪುಸ್ತಕ ಮುಚ್ಚಿಡಬೇಕೆನಿಸಿತು. ಎಲ್ಲರ ಬಾಯಲ್ಲೂ ಕೃತಿಯ ಹೆಸರಿರುತ್ತದೆ. ಕೃತಿ ಮಾತ್ರ ಅಟ್ಟದ ಮೇಲೆ ನೆನೆಯುತ್ತಿರುತ್ತದೆ. ಹೊಗಳಿಕೆಗೆ ಖರ್ಚಿಲ್ಲ. ಸೂರಿಗೆ ಖರ್ಚಿದೆ.

ಆ ವಿದ್ಯಾರ್ಥಿನಿ ಅಂಕಪಟ್ಟಿ ಒಯ್ಯಲು ಕಾಲೇಜಿಗೆ ಬಂದಾಗ ‘ಅರೋರಾ’ ಎಂಬ ಹೆಸರನ್ನೂ ಟನ್ನುಗಳ ಲೆಕ್ಕವನ್ನೂ ಹೇಳಿದೆ. “ಹಾಗಾದರೆ ಚಿಕ್ಕ ದೋಣಿಯೇ ಗೆದ್ದಂತಲ್ಲವೇ ಸರ್?” ಎಂದಳು. “ಇಲ್ಲಮ್ಮ, ಅಂದಿನ ನಿಯಮದಂತೆ ಗೆದ್ದದ್ದು ‘ಅಮೆರಿಕ’ವೇ. ಎರಡನೆಯದು ಇತ್ತು ಎಂದಷ್ಟೇ ನಾವು ಹೇಳಬಹುದು” ಎಂದೆ. ಅವಳು ತನ್ನ ಅಂಕಪಟ್ಟಿಯನ್ನು ಒಮ್ಮೆ ನೋಡಿ, “ಅಷ್ಟು ಸಾಕು ಸರ್” ಎಂದು ನಕ್ಕಳು.

ಪೊನ್ನ, ರನ್ನ, ಜನ್ನ ಮೂವರೂ ಕವಿಚಕ್ರವರ್ತಿ ಎನಿಸಿಕೊಂಡವರೇ. ಚಕ್ರವರ್ತಿ ಒಬ್ಬನೇ ಇರಬೇಕೆಂಬುದು ರಾಜನೀತಿಯ ಮಾತು. ಸಾಹಿತ್ಯಚರಿತ್ರೆ ಅದನ್ನು ಒಪ್ಪಿಲ್ಲ. ಈಗಲೂ ನಾನು ಆ ಪಾಠದಲ್ಲಿ ವೈಟ್ ದ್ವೀಪದ ಕಥೆಯನ್ನು ಹೇಳುತ್ತೇನೆ. ‘ಅದ್ವಿತೀಯ’ ಎಂದು ಬರೆದ ಮೇಲೆ, ಅದರ ಕೆಳಗೆ ‘ಅರೋರಾ, 47 ಟನ್’ ಎಂದೂ ಬರೆಯುತ್ತೇನೆ.