ವ್ಹಾಲಿಯ ತವರು

ನಮ್ಮೂರು ಸಚಿನ್ ಎಂದರೆ ಕುಮಟೆಯ ನೆಂಟರು ಈಗಲೂ ನಗುತ್ತಾರೆ. ಸೂರತ್‌ನಿಂದ ಮುಂಬಯಿ ಕಡೆ ಹೊರಟ ರೈಲು ಉಧ್ನಾ, ಭೇಸ್ತಾನ್ ದಾಟಿದ ಮೇಲೆ ಸಿಗುವ ಸ್ಟೇಷನ್ನು. ತೆಂಡೂಲ್ಕರ್ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇದಕ್ಕೆ ಈ ಹೆಸರಿತ್ತು; ಸಿದ್ದಿ ನವಾಬರ ಪುಟ್ಟ ಸಂಸ್ಥಾನವಾಗಿತ್ತು. ಯಲ್ಲಾಪುರದ ಸಿದ್ದಿಯರನ್ನು ನೋಡಿ ಬೆಳೆದ ನನಗೆ ಆ ಸಂಗತಿಯಿಂದಲೇ ಊರು ಸ್ವಲ್ಪ ಹತ್ತಿರವಾಯಿತು. ಈಗ ಇಲ್ಲಿ ನವಾಬರಿಲ್ಲ, ಜಿಐಡಿಸಿ ಎಂಬ ಕೈಗಾರಿಕಾ ಪ್ರದೇಶವಿದೆ. ನನ್ನ ಯಜಮಾನರು ಒಂದು ಡೈಯಿಂಗ್ ಮಿಲ್ಲಿನ ಕಲರ್ ಕಿಚನ್ನಿನಲ್ಲಿದ್ದಾರೆ. ಹೆಸರಿಗೆ ಅಡುಗೆಮನೆ, ಬೇಯುವುದು ಮಾತ್ರ ಬಣ್ಣ.

ಐದೂವರೆ ವರ್ಷದ ಮಗಳಿಗೆ ಮನೆಯಲ್ಲೇ ಸಮುದ್ರದ ಪಾಠ ಮಾಡಬೇಕೆಂದು ಹೊರಟವಳು ನಾನು. ಮೊದಲ ದಿನ ಚಾರ್ಟು. ನಗುವ ಮೀನು, ಮೇಲೆ ಕೆಂಪು ಗೀಟು ಎಳೆದ ಪ್ಲಾಸ್ಟಿಕ್ ಬಾಟಲಿ. ಮೀನು ಎದ್ದು ಕಾಣಲೆಂದು ಥರ್ಮಾಕೋಲಿನಲ್ಲಿ ಕತ್ತರಿಸಿ, ಮಿನುಗುವ ಪುಡಿ ಉದುರಿಸಿದೆ. ಇದರಲ್ಲೇನು ತಮಾಷೆ ಇದೆಯೆಂದು ನನಗೆ ಹೊಳೆದದ್ದು ಮೂರು ದಿನ ಬಿಟ್ಟು.

ಅವಳಿಗೆ ಚಾರ್ಟು ಬೇಕಾಗಿರಲಿಲ್ಲ. ಬಣ್ಣದ ಬ್ರಷ್ ತೊಳೆಯಲು ಬಚ್ಚಲಿಗೆ ಹೋದವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ನೀಲಿ ನೀರು ಸುತ್ತಿ ಸುತ್ತಿ ಜಾಲರಿಯೊಳಗೆ ಇಳಿಯುತ್ತಿತ್ತು.

"ಆಯಿ, ಇದು ಎಲ್ಲಿಗೆ ಹೋಗ್ತದೆ?"

"ಗಟಾರಕ್ಕೆ."

"ಅಲ್ಲಿಂದ?"

"ಖಾಡಿಗೆ." ಸೂರತ್ ಕಡೆ ತೊರೆಗೂ ದೊಡ್ಡ ನಾಲೆಗೂ ಖಾಡಿ ಎನ್ನುತ್ತಾರೆ.

"ಅಲ್ಲಿಂದ?"

"ಸಮುದ್ರಕ್ಕೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಗಾದ್ರೆ ಅಪ್ಪನ ಬಣ್ಣ?"

ಚಹಾ ಕುಡಿಯುತ್ತಿದ್ದ ಅಪ್ಪ, ಮಿಲ್ಲಿನ ನೀರೆಲ್ಲ ಪೈಪಿನಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಅಲ್ಲಿ ನೀರನ್ನು ತೊಳೆಯುತ್ತಾರೆ ಎಂದರು. "ನೀರನ್ನ ಯಾವುದ್ರಿಂದ ತೊಳೀತಾರೆ?" ಎಂದು ಇವಳು ಕೇಳಿದಳು. ಅವರ ಚಹಾ ಆರಿಹೋಯಿತು.

ಅವಳಿಗೆ ಹೇಳದ ಸಂಗತಿಯೊಂದಿದೆ. 2022ರ ಜನವರಿ 6ರ ನಸುಕಿನಲ್ಲಿ ಇದೇ ಜಿಐಡಿಸಿಯಲ್ಲಿ ಟ್ಯಾಂಕರೊಂದು ಕದ್ದುಮುಚ್ಚಿ ರಾಸಾಯನಿಕವನ್ನು ನಾಲೆಗೆ ಸುರಿಯಿತು. ಎದ್ದ ವಿಷಗಾಳಿಗೆ ಪಕ್ಕದ ಮಿಲ್ಲಿನ ಆರು ಮಂದಿ ಕಾರ್ಮಿಕರು ಸತ್ತರು. ಬಾಟಲಿಗೆ ಕೆಂಪು ಗೀಟು ಎಳೆದಷ್ಟು ಸುಲಭವಾಗಿ ಇದನ್ನು ಚಾರ್ಟಿನ ಮೇಲೆ ಬರೆಯಲಾಗುವುದಿಲ್ಲ. ಈ ವಯಸ್ಸಿಗೆ ಹೆದರಿಕೆ ಹಾಕಿ ಕಲಿಸಿದ್ದು ನಿಲ್ಲುವುದೂ ಇಲ್ಲ, ಕನಸಿನಲ್ಲಿ ಬಂದು ಅಳಿಸುತ್ತದೆ ಅಷ್ಟೆ.

ಹಾಗಾಗಿ ವ್ಹಾಲಿಯ ಕತೆ ಹಿಡಿದೆ. ಇದು ಗುಜರಾತಿನದ್ದೇ, ನಡೆದದ್ದೇ. ತಿಮಿಂಗಿಲ ಶಾರ್ಕ್ ಲೋಕದ ಅತಿದೊಡ್ಡ ಮೀನು. ನಲವತ್ತು ಅಡಿಯವರೆಗೂ ಬೆಳೆಯುತ್ತದೆ, ತಿನ್ನುವುದು ಮಾತ್ರ ತೇಲುವ ಸಣ್ಣ ಜೀವಿಗಳನ್ನು. ಸೌರಾಷ್ಟ್ರದ ಕರಾವಳಿಯಲ್ಲಿ ಅದನ್ನು ನೂರುಗಟ್ಟಲೆ ಕೊಲ್ಲುತ್ತಿದ್ದರು. ಅದರ ಯಕೃತ್ತಿನ ಎಣ್ಣೆಯನ್ನು ದೋಣಿಗೆ ಬಳಿಯುತ್ತಿದ್ದರು, ಮಾಂಸ ಪರದೇಶಕ್ಕೆ ಹೋಗುತ್ತಿತ್ತು. ಗಾಳ ಹಾಕಿದ ಮೀನು ಮುಳುಗದಿರಲೆಂದು ಪೀಪಾಯಿ ಕಟ್ಟುತ್ತಿದ್ದರಿಂದ ಅದಕ್ಕೆ 'ಬ್ಯಾರಲ್' ಎಂದೇ ಹೆಸರು. 2001ರಲ್ಲಿ ಅದನ್ನು ಕೊಲ್ಲಬಾರದೆಂದು ಕಾನೂನು ಬಂತು. ಆದರೆ ಕಡಲಿನ ನಡುವೆ ಪೊಲೀಸರು ನಿಂತಿರುತ್ತಾರೆಯೇ? 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾದವರು ಅಭಿಯಾನ ಶುರುಮಾಡಿದಾಗ ರಾಮಕಥೆಯ ಮೊರಾರಿ ಬಾಪು ಜೊತೆಗೂಡಿದರು. ಅದು ಮೀನಲ್ಲ, ಹೆರಿಗೆಗೆ ತವರಿಗೆ ಬರುವ ಮಗಳು. ಬಾಗಿಲಿಗೆ ಬಂದ ಮಗಳನ್ನು ಕೊಲ್ಲುತ್ತೀರಾ ಎಂಬ ಅವರ ಮಾತು ಮೀನುಗಾರರ ಎದೆಗೆ ನಾಟಿತು. ಬ್ಯಾರಲ್ ಹೋಗಿ 'ವ್ಹಾಲಿ' ಆಯಿತು. ವ್ಹಾಲಿ ಅಂದರೆ ಮುದ್ದಿನವಳು. ಅವಳು ಸಿಕ್ಕಿಬಿದ್ದರೆ ವೆರಾವಳ, ಸೂತ್ರಾಪಾಡಾದ ಮೀನುಗಾರರು ತಮ್ಮ ಬಲೆಯನ್ನೇ ಕೊಯ್ದು ಬಿಡುತ್ತಾರೆ. ಹರಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹೀಗೆ ಕಡಲಿಗೆ ಮರಳಿದವು ನೂರಾರು.

"ನಾವು ಕುಮಟೆಗೆ ಅಮ್ಮಮ್ಮನ ಮನೆಗೆ ಹೋದ ಹಾಗಾ?" ಎಂದಳು. ನನ್ನ ಹೆರಿಗೆಯೂ ಅಲ್ಲೇ ಆದದ್ದು. ಅವಳು ಹುಟ್ಟಿದ ದಿನ ಅಲೆಯ ಸದ್ದು ಕೋಣೆಯವರೆಗೂ ಕೇಳುತ್ತಿತ್ತು. ಹೌದು ಎಂದೆ.

ಆ ಭಾನುವಾರ ಡುಮಸ್‌ಗೆ ಹೋದೆವು. ಅಲ್ಲಿನ ಮರಳು ಕಪ್ಪು. ಇಳಿತವಿದ್ದರೆ ನೀರು ಎಷ್ಟೋ ದೂರ ಸರಿದು ಬರೀ ಕೆಸರು ಕಾಣುತ್ತದೆ. 'ನೋಡು, ಕೊಳಕು ಮಾಡಿದ್ರೆ ಹೀಗಾಗ್ತದೆ' ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಯಜಮಾನರು ಜೇಬಿನಿಂದ ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ತೆಗೆದು ಮಗಳ ಕೈಗಿಟ್ಟರು. ಮರಳಿನ ಮೇಲೆ ಆಡಿಸಿದಳು. ಕಪ್ಪು ಕಣಗಳು ಮೇಲೆದ್ದು ಅಂಟಿಕೊಂಡು ಮೀಸೆಯಂತೆ ನಿಂತವು. ಆ ಬಣ್ಣ ಮರಳಿನ ಕಬ್ಬಿಣದ ಅಂಶದ್ದು. ನಾನು ಹೇಳಹೊರಟದ್ದು ಶುದ್ಧ ಸುಳ್ಳು. ಒಳ್ಳೆಯದಕ್ಕೆಂದು ಹೇಳುವ ಸುಳ್ಳೂ ಸುಳ್ಳೇ, ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ.

ನಿಜವಾದ ಕೊಳಕು ಸ್ವಲ್ಪ ಆಚೆಗಿತ್ತು. ಡುಮಸ್‌ನ ಟೊಮೆಟೊ ಭಜಿಯಾ ಹೆಸರುವಾಸಿ. ಅಂಗಡಿಗಳ ಹಿಂದೆ ಎಣ್ಣೆ ಹಿಡಿದ ತಟ್ಟೆಗಳು ಗಾಳಿಗೆ ಹಾರಿ ನೀರಿನತ್ತ ಉರುಳುತ್ತಿದ್ದವು. ನಮ್ಮ ಭಜಿಯಾ ಬಂದಾಗ ಮಗಳು ಕೈ ಹಿಂದಕ್ಕೆಳೆದುಕೊಂಡು, "ಈ ತಟ್ಟೆ ಎಲ್ಲಿಗೆ ಹೋಗ್ತದೆ?" ಎಂದಳು. ಅಂಗಡಿಯವರು ಕನ್ನಡ ತಿಳಿಯದೆ ನಕ್ಕರು. ನಮಗೆ ತಿಳಿದಿತ್ತು.

ಸೂರತ್ ಕಡೆ ಬಂದರೆ ಡುಮಸ್‌ಗೆ ಹೋಗಿ ಬನ್ನಿ, ಭಜಿಯಾ ತಪ್ಪಿಸಬೇಡಿ. ತಟ್ಟೆ ಮಾತ್ರ ಮನೆಯಿಂದಲೇ ಒಯ್ಯಿರಿ.