ಬಾಯಿ ಬಿಡದ ಡಿವಿಡಿ ಡ್ರೈವ್

ನಿಮ್ಮಲ್ಲಿ ಎಷ್ಟು ಜನರ ಲ್ಯಾಪ್‌ಟಾಪಲ್ಲಿ ಡಿವಿಡಿ ಡ್ರೈವ್ ಇದೆ? ನಮ್ಮ ಹಾಸ್ಟೆಲ್ ಫ್ಲೋರಲ್ಲಿ ಕೇಳಿ ನೋಡಿದೆ, ಒಬ್ಬರ ಹತ್ರಾನೂ ಇಲ್ಲ. ಒಬ್ಬ ಅಂತೂ "ಅದು ಇನ್ನೂ ಇದ್ಯೇನೋ?" ಅಂದ. ಇದೆ ಮಾರಾಯ, ನಮ್ಮನೆ ಹಳೇ ಡೆಸ್ಕ್‌ಟಾಪಲ್ಲಿ. ವಿಂಡೋಸ್ ತೀರಾ ನಿಧಾನ ಆಯ್ತು ಅಂತ ಅದಕ್ಕೆ ಲಿನಕ್ಸ್ ಮಿಂಟ್ ಹಾಕಿದ್ದೆ. ಕಳೆದ ಸೆಮ್ ರಜೆಯಲ್ಲಿ ಆ ಡ್ರೈವ್ ಒಂದು ಡಿಸ್ಕನ್ನು ನುಂಗಿ, ಎರಡು ದಿನ ನಮ್ಮನ್ನೆಲ್ಲ ಆಟ ಆಡಿಸಿತು.

ಮಾಮೂಲಿ ಸಿನಿಮಾ ಡಿಸ್ಕ್ ಆಗಿದ್ರೆ ನಾನೂ ತಲೆ ಕೆಡಿಸ್ಕೊಳ್ತಿರಲಿಲ್ಲ. ಇದು 2005ರಲ್ಲಿ ನಡೆದ ನಮ್ಮತ್ತೆಯ ಮದುವೆ ಡಿವಿಡಿ. ಅದರಲ್ಲಿ ಅರಿಶಿನ ಶಾಸ್ತ್ರದ ಹೊತ್ತಿಗೆ ನಮ್ಮಜ್ಜಿ ಸೋಬಾನೆ ಪದ ಹಾಡ್ತಾರೆ. ಅಜ್ಜಿ ಒಂದು ಸಾಲು ಹೇಳ್ತಾರೆ, ಸುತ್ತ ಕೂತ ಹೆಂಗಸರು ಅದನ್ನ ಎತ್ಕೋತಾರೆ. ಮೂರು ವರ್ಷದ ಹಿಂದೆ ಅಜ್ಜಿಗೆ ಸ್ಟ್ರೋಕ್ ಆಯ್ತು. ನಮ್ಮನ್ನೆಲ್ಲ ಗುರುತಿಸ್ತಾರೆ, ನಗ್ತಾರೆ, ಆದರೆ ಮಾತು ಬರೋದು ಕಷ್ಟ. ಆ ಪದಗಳನ್ನು ಯಾರೂ ಬರೆದಿಟ್ಟಿಲ್ಲ. ಈಗ ದೊಡ್ಡಪ್ಪನ ಮಗಳು, ನಮ್ಮಕ್ಕನ ಮದುವೆ ಗೊತ್ತಾಗಿದೆ. ಅಜ್ಜಿ ಪದ ಹಾಡಿಸ್ಬೇಕು ಅನ್ನೋದು ಅಕ್ಕನ ಆಸೆ. ಕಲಿಯೋಕೆ ಇರೋದು ಈ ಒಂದೇ ಡಿಸ್ಕ್.

ವಿಡಿಯೋ ನಲವತ್ತು ನಿಮಿಷ ಚೆನ್ನಾಗೇ ಓಡಿತು. ಆಮೇಲೆ ಚಿತ್ರ ನಿಂತಿತು. ಡ್ರೈವ್ ಒಳಗಿಂದ ಗುರ್ ಅನ್ನೋ ಸದ್ದು, ಮತ್ತೆ ಮೌನ, ಮತ್ತೆ ಗುರ್. ಬಟನ್ ಒತ್ತಿದರೆ ಏನೂ ಇಲ್ಲ. "ಕೆಟ್ಟೋಯ್ತು ಬಿಡು, ಅಂಗಡೀಗೆ ತಗೊಂಡ್ಹೋಗು" ಅಂದ್ರು ಅಮ್ಮ. ದೊಡ್ಡಪ್ಪ ಆಗಲೇ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ರು. ಮೀಟಿ ತೆಗೆಯೋದು ಅವರ ಪ್ಲಾನ್. "ಐದು ನಿಮಿಷ ತಡೀರಿ ದೊಡ್ಡಪ್ಪ" ಅಂದೆ. ಆ ಐದು ನಿಮಿಷ ಮರುದಿನ ಸಂಜೆವರೆಗೂ ಹೋಯ್ತು.

ಬಟನ್ ಒತ್ತಿದ್ರೂ ಟ್ರೇ ಬರಲಿಲ್ಲ ಅಂದ ಮಾತ್ರಕ್ಕೆ ಡ್ರೈವ್ ಕೆಟ್ಟಿದೆ ಅಂತಲ್ಲ. ಡಿಸ್ಕ್ ಮೌಂಟ್ ಆಗಿದ್ದಾಗ ಲಿನಕ್ಸ್ ಕರ್ನೆಲ್ ಡ್ರೈವಿಗೆ "ಬಾಗಿಲು ತೆಗೀಬೇಡ" ಅಂತ ಹೇಳಿರುತ್ತೆ. ಆಮೇಲೆ ಆ ಬಟನ್ ಬರೀ ಕಾಲಿಂಗ್ ಬೆಲ್ ಇದ್ದ ಹಾಗೆ. ನೀವು ಒತ್ತಿದ್ದು ಒಳಗೆ ಗೊತ್ತಾಗುತ್ತೆ, ಬಾಗಿಲು ತೆಗೆಯೋದು ಬಿಡೋದು ಸಿಸ್ಟಮ್ಮಿಗೆ ಸೇರಿದ್ದು. ಹಾಗಾಗಿ ಮೊದಲು ಹುಡುಕಬೇಕಾದ್ದು ಡಿಸ್ಕನ್ನು ಯಾರು ಹಿಡ್ಕೊಂಡು ಕೂತಿದ್ದಾರೆ ಅಂತ.

ಟರ್ಮಿನಲ್ ತೆಗೆದು 'ಇಜೆಕ್ಟ್' ಕೊಟ್ಟೆ. (ಕಮಾಂಡುಗಳನ್ನು ಕನ್ನಡದಲ್ಲಿ ಬರೀತಿದೀನಿ, ಟೈಪ್ ಮಾಡೋವಾಗ ಇಂಗ್ಲಿಷಲ್ಲೇ ಮಾಡಿ ಆಯ್ತಾ.) ಅದು ಮೊದಲು ಅನ್‌ಮೌಂಟ್ ಮಾಡೋಕೆ ನೋಡಿ, 'ಟಾರ್ಗೆಟ್ ಈಸ್ ಬಿಝಿ' ಅಂತ ವಾಪಸ್ ಬಂತು. ಬಿಝಿ ಇರೋದು ಯಾರು ಅಂತ ತಿಳಿಯೋಕೆ 'ಫ್ಯೂಸರ್' ಅಂತ ಒಂದು ಕಮಾಂಡ್ ಇದೆ. ಅದಕ್ಕೆ 'ಮೈನಸ್ ವಿಎಂ' ಸೇರಿಸಿ, ಡಿಸ್ಕ್ ಎಲ್ಲಿ ಮೌಂಟ್ ಆಗಿದೆಯೋ ಆ ಫೋಲ್ಡರ್ ಹೆಸರು ಕೊಟ್ಟರೆ ಹಿಡ್ಕೊಂಡಿರೋರ ಪಟ್ಟಿ ಬರುತ್ತೆ. ನನಗೆ ಇಬ್ಬರು ಸಿಕ್ಕರು. ಒಬ್ಬ ಫೈಲ್ ಮ್ಯಾನೇಜರ್, ಕ್ಲೋಸ್ ಮಾಡಿದ ತಕ್ಷಣ ಮರ್ಯಾದೆಯಾಗಿ ಹೋದ. ಇನ್ನೊಬ್ಬ ವಿಡಿಯೋ ಪ್ಲೇಯರ್. 'ಕಿಲ್' ಕೊಟ್ಟೆ, ಹೋಗಲಿಲ್ಲ. 'ಕಿಲ್ ಮೈನಸ್ 9' ಕೊಟ್ಟೆ. ಆಗಲೂ ಹೋಗಲಿಲ್ಲ!

ನಮ್ಮ ಓಎಸ್ ಸಿಲಬಸ್ಸಲ್ಲಿ ಪ್ರಾಸೆಸ್ ಸ್ಟೇಟುಗಳ ಚಿತ್ರ ಬರುತ್ತಲ್ಲ, ರೆಡಿ, ರನ್ನಿಂಗ್, ವೇಟಿಂಗ್ ಅಂತ? ಇಂಟರ್ನಲ್ಸಿಗೆ ಬಾಯಿಪಾಠ ಮಾಡಿ ಮರೆಯೋ ಆ ಚಿತ್ರ ಅವತ್ತು ಕಣ್ಣೆದುರು ಬಂತು. 'ಪಿಎಸ್' ಕೊಟ್ಟು ನೋಡಿದರೆ ಪ್ಲೇಯರ್ ಎದುರಿಗೆ 'ಡಿ' ಅನ್ನೋ ಅಕ್ಷರ. ಎಬ್ಬಿಸೋಕೆ ಆಗದ ನಿದ್ದೆ ಅಂತ ಅದರರ್ಥ. ಡಿಸ್ಕಿನ ಗೀರು ಬಿದ್ದ ಜಾಗ ಓದಿಕೊಡು ಅಂತ ಪ್ಲೇಯರ್ ಕೇಳಿದೆ, ಕರ್ನೆಲ್ ಡ್ರೈವನ್ನ ಕೇಳಿದೆ, ಡ್ರೈವ್ ಓದೋಕಾಗದೆ ಮತ್ತೆ ಮತ್ತೆ ಪ್ರಯತ್ನಿಸ್ತಿದೆ. ಗುರ್ ಅನ್ನೋ ಸದ್ದು ಅದೇ. ಡ್ರೈವಿಂದ ಉತ್ತರ ಬರೋವರೆಗೂ ಪ್ಲೇಯರಿಗೆ ಸಾಯೋ ಆರ್ಡರ್ ಕೂಡ ತಲುಪಲ್ಲ. 'ಡಿಮೆಸೇಜ್' ನೋಡಿದರೆ ಸಾಲುಸಾಲು 'ಬಫರ್ ಐಓ ಎರರ್', ಎಸ್‌ಆರ್0 ಅನ್ನೋ ಹೆಸರಲ್ಲಿ. ಲಿನಕ್ಸಲ್ಲಿ ಮೊದಲನೇ ಆಪ್ಟಿಕಲ್ ಡ್ರೈವಿನ ಹೆಸರು ಅದು.

ಇಂಥಾ ಹೊತ್ತಲ್ಲಿ ಸುಮ್ಮನೆ ಕಾಯೋದೇ ಕೆಲಸ. ಕಾಫಿ ಕುಡಿದು ಬರೋಷ್ಟರಲ್ಲಿ ಡ್ರೈವ್ ಸೋಲೊಪ್ಪಿಕೊಂಡು ಎರರ್ ವಾಪಸ್ ಕೊಟ್ಟಿತ್ತು, ಪ್ಲೇಯರೂ ಹೋಗಿತ್ತು. ಅನ್‌ಮೌಂಟ್ ಆಯ್ತು. ಲಾಕ್ ಏನಾದ್ರೂ ಉಳಿದಿದ್ರೆ ಅಂತ 'ಇಜೆಕ್ಟ್ ಮೈನಸ್ ಐ ಆಫ್' ಕೊಟ್ಟು ಅದನ್ನೂ ಬಿಡಿಸಿದೆ. ನಿಮಗೆ ಇಷ್ಟು ತಾಳ್ಮೆ ಇಲ್ಲದಿದ್ರೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ, ಓಎಸ್ ಲೋಡ್ ಆಗೋ ಮೊದಲೇ ಬಟನ್ ಒತ್ತಿ. ಕರೆಂಟ್ ಹೋಗಿ ಬಂದ ಡ್ರೈವಿಗೆ ಹಳೇ ಲಾಕ್ ನೆನಪಿರಲ್ಲ.

ಮತ್ತೆ ಇಜೆಕ್ಟ್ ಕೊಟ್ಟೆ. ಈ ಸಲ ಮೋಟರ್ ತಿರುಗೋ ಸದ್ದು ಬಂತು, ಟ್ರೇ ಮಾತ್ರ ಅಲ್ಲಾಡಲಿಲ್ಲ. ಇಲ್ಲಿಗೆ ಸಾಫ್ಟ್‌ವೇರ್ ಕಥೆ ಮುಗೀತು, ಮೆಕ್ಯಾನಿಕಲ್ ಬ್ರಾಂಚಿನವರ ಏರಿಯಾ ಶುರು. ಡೆಸ್ಕ್‌ಟಾಪ್ ಡ್ರೈವುಗಳಲ್ಲಿ ಸಾಮಾನ್ಯವಾಗಿ ಪುಟ್ಟ ಮೋಟರಿನಿಂದ ಗೇರಿಗೆ ಒಂದು ರಬ್ಬರ್ ಬೆಲ್ಟ್ ಇರುತ್ತೆ. ವರ್ಷಗಳಾದ ಮೇಲೆ ಅದು ಸಡಿಲವಾಗಿ ಜಾರುತ್ತೆ. ಡಿಸ್ಕನ್ನು ಮೇಲಿಂದ ಹಿಡಿದಿರೋ ಅಯಸ್ಕಾಂತದ ಕ್ಲ್ಯಾಂಪ್ ಬಿಡಿಸೋಕೆ ಬೇಕಾದ ಶಕ್ತಿ ಆಗ ಸಿಗಲ್ಲ.

ಅದಕ್ಕೇ ಅಂತಲೇ ಟ್ರೇ ಮುಂಭಾಗದಲ್ಲಿ ಒಂದು ಸಣ್ಣ ತೂತು ಕೊಟ್ಟಿರ್ತಾರೆ. ಪವರ್ ಪೂರ್ತಿ ಆಫ್ ಮಾಡಿ, ಡಿಸ್ಕ್ ತಿರುಗೋದು ನಿಂತ ಮೇಲೆ ನೇರ ಮಾಡಿದ ಜೆಮ್ ಕ್ಲಿಪ್ಪನ್ನು ಅದರೊಳಗೆ ಸಮವಾಗಿ ತಳ್ಳಬೇಕು. ಮೊಬೈಲ್ ಸಿಮ್ ಪಿನ್ ನಮ್ಮ ಡ್ರೈವಿಗೆ ಗಿಡ್ಡ ಆಯ್ತು. ಕ್ಲಿಪ್ ಒಳಗೆ ಏನಕ್ಕೋ ತಾಗಿತು, ಇನ್ನೂ ಸ್ವಲ್ಪ ಒತ್ತಿದೆ, ಟ್ರೇ ಬೆರಳಿಗೆ ಸಿಗೋಷ್ಟು ಹೊರಗೆ ಬಂತು. ಉಳಿದದ್ದನ್ನ ಕೈಯಲ್ಲೇ ನಿಧಾನ ಎಳೆದೆ. ದೊಡ್ಡಪ್ಪ ಸ್ಕ್ರೂಡ್ರೈವರ್ ಜೇಬಿಗೆ ಇಟ್ಕೊಂಡ್ರು, ಸ್ವಲ್ಪ ಬೇಜಾರಲ್ಲೇ.

ಡಿಸ್ಕ್ ಮೇಲೆ ಗೀರಿಗಿಂತ ಜಾಸ್ತಿ ಕೈ ಜಿಡ್ಡಿತ್ತು. ಮೆತ್ತಗಿನ ಬಟ್ಟೆಯಲ್ಲಿ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ. ಗುಂಡಗೆ ಒರೆಸಬಾರದು. ಡೇಟಾ ಸುರುಳಿಯಾಗಿ ಇರುತ್ತೆ, ಅದರ ಜೊತೆಜೊತೆಗೇ ಗೀರಾದರೆ ಒಂದೇ ಕಡೆಯ ಡೇಟಾ ಉದ್ದಕ್ಕೂ ಹೋಗುತ್ತೆ. ಅಡ್ಡ ಗೀರನ್ನು ಎರರ್ ಕರೆಕ್ಷನ್ ಎಷ್ಟೋ ಸಲ ಸಂಭಾಳಿಸುತ್ತೆ.

ಮತ್ತೆ ಹಾಕಿದಾಗ ಪ್ಲೇ ಮಾಡಲಿಲ್ಲ. 'ಜಿಎನ್‌ಯು ಡಿಡಿರೆಸ್ಕ್ಯೂ' ಓಡಿಸಿದೆ. ಅದು ಮೊದಲು ಸುಲಭವಾಗಿ ಸಿಗೋದನ್ನೆಲ್ಲ ಹಾರ್ಡ್ ಡಿಸ್ಕಿಗೆ ಎತ್ತಿಕೊಂಡು, ಸಿಗದ ಜಾಗಗಳನ್ನು ಒಂದು ಮ್ಯಾಪ್ ಫೈಲಲ್ಲಿ ಗುರುತು ಹಾಕುತ್ತೆ. ಆಮೇಲೆ ಆ ಜಾಗಗಳಿಗೆ ಮಾತ್ರ ವಾಪಸ್ ಹೋಗಿ ಪ್ರಯತ್ನ ಮಾಡುತ್ತೆ. ಕೊಡಬೇಕಾದ ಸೆಕ್ಟರ್ ಅಳತೆ 2048 ಬೈಟ್. ರಾತ್ರಿಯೆಲ್ಲ ಓಡಿತು. ಬೆಳಿಗ್ಗೆ ನೋಡಿದರೆ 212 ಸೆಕ್ಟರ್ ಬಿಟ್ಟು ಮಿಕ್ಕಿದ್ದೆಲ್ಲ ಬಂದಿತ್ತು. ಹೋದದ್ದು ನಾನೂರು ಚಿಲ್ಲರೆ ಕೆಬಿ ಅಷ್ಟೇ. ಅದನ್ನ ಮೂರು ಕಡೆ ಕಾಪಿ ಮಾಡಿಟ್ಟಿದೀನಿ. ಡಿಸ್ಕ್ ಹೊರಗೆ ತೆಗೆಯೋಕೆ ಮತ್ತೆ ಜೆಮ್ ಕ್ಲಿಪ್ಪೇ ಬೇಕಾಯ್ತು.

ಹೋದ ಆ ನಾನೂರು ಕೆಬಿ ಸರಿಯಾಗಿ ಅಜ್ಜಿ ಹಾಡಿನ ನಡುವೆಯೇ ಇತ್ತು. ಒಂದು ಕಡೆ ದನಿ ಕತ್ತರಿಸಿ ಮುಂದಕ್ಕೆ ಹಾರುತ್ತೆ, ಒಂದೇ ಒಂದು ಪದ ಇಲ್ಲ. ಅಲ್ಲಿ 'ಮಲ್ಲಿಗೆ' ಅಂತ ಬರುತ್ತೆ ಅಂತಾರೆ ಅತ್ತೆ. 'ಸಂಪಿಗೆ' ಕಣೇ, ನಾನೇ ಪಕ್ಕದಲ್ಲಿ ಕೂತಿದ್ದೆ ಅಂತಾರೆ ಅಮ್ಮ. ವಿಡಿಯೋ ಹಾಕಿ ಅಜ್ಜಿಯನ್ನೇ ಕೇಳಿದ್ವಿ. ಅಜ್ಜಿ ಎರಡಕ್ಕೂ ತಲೆ ಆಡಿಸಿದ್ರು. ಅಕ್ಕ ಸದ್ಯಕ್ಕೆ ಎರಡನ್ನೂ ಬರ್ಕೊಂಡಿದಾಳೆ.