ನೀರಿಗಿಂತ ಮೊದಲು ಸುದ್ದಿ ಬರಬೇಕು

ದಿಗ್ಗೇವಾಡಿ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಊರು. ಕೃಷ್ಣಾ ನದಿಯ ದಂಡೆಯ ಮೇಲಿದೆ. ಜಲಾಲಪುರ, ಭಿರಡಿ, ಚಿಂಚಲಿ ಇದರ ನೆರೆಹೊರೆಯ ಊರುಗಳು. ಎತ್ತ ನೋಡಿದರೂ ಕರಿಮಣ್ಣು ಮತ್ತು ಆಳೆತ್ತರದ ಕಬ್ಬು. ಅನೇಕ ಕುಟುಂಬಗಳು ಊರೊಳಗೆ ಇರದೆ ತೋಟದ ಮನೆಗಳಲ್ಲಿಯೇ ವಾಸಿಸುತ್ತವೆ. ಮಹಾರಾಷ್ಟ್ರದ ಗಡಿ ದೂರವಿಲ್ಲ. ಈ ಭಾಗದ ಸಂತೆಗಳಲ್ಲಿ ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುತ್ತವೆ.

ಇಲ್ಲಿಯ ಜನ ಕೃಷ್ಣೆಯನ್ನು ನದಿ ಎಂದು ಕರೆಯುವುದು ಕಡಿಮೆ. ಅವರಿಗೆ ಅದು ‘ಹೊಳಿ’. ‘ಹೊಳಿ ಬಂತು’ ಎಂದರೆ ಮಹಾಪೂರ ಬಂತು ಎಂದೇ ಅರ್ಥ. ಈ ಮಹಾಪೂರಕ್ಕೊಂದು ವಿಚಿತ್ರ ಗುಣವಿದೆ. ರಾಯಬಾಗದ ಕಡೆ ಮಳೆ ಕಡಿಮೆ. ಊರ ಮೇಲೆ ಬಿಸಿಲಿರುವಾಗಲೂ ಹೊಳೆ ಏರಬಹುದು. ಏಕೆಂದರೆ ನೀರು ಬರುವುದು ಮಹಾಬಳೇಶ್ವರದ ಘಟ್ಟದಿಂದ, ಕೊಯ್ನಾ ಕಣಿವೆಯಿಂದ, ಕೊಲ್ಹಾಪುರದ ಪಂಚಗಂಗೆಯಿಂದ, ದೂಧಗಂಗಾ ಮತ್ತು ವೇದಗಂಗೆಯಿಂದ. ಮೇಲೆ ಬಿದ್ದ ಮಳೆಯ ನೀರು ಈ ದಂಡೆಗೆ ಮುಟ್ಟಲು ಸಾಕಷ್ಟು ಹೊತ್ತು ಬೇಕು. ಆ ಹೊತ್ತೇ ಊರಿಗೆ ಸಿಗುವ ಕಾಲಾವಕಾಶ. ಅಷ್ಟರೊಳಗೆ ದನಕರುಗಳನ್ನು ಹೊಡೆದುಕೊಂಡು, ಕಾಳುಕಡಿ ಕಟ್ಟಿಕೊಂಡು, ಮಕ್ಕಳನ್ನು, ಹಿರಿಯರನ್ನು ಕರೆದುಕೊಂಡು ಎತ್ತರದ ಜಾಗ ಸೇರಬೇಕು. ಅಂದರೆ ನೀರಿಗಿಂತ ಮೊದಲು ಸುದ್ದಿ ಬರಬೇಕು.

ಸುದ್ದಿ ಬರುವ ದಾರಿಗಳು ಕಾಲಕಾಲಕ್ಕೆ ಬದಲಾಗಿವೆ. ಒಂದು ಕಾಲಕ್ಕೆ ಹಳ್ಳಿಗಳಲ್ಲಿ ಡಂಗುರವೇ ಸುದ್ದಿಯ ಸಾಧನ. ಭಾರತದ ಮೊದಲ ಪ್ರಾಯೋಗಿಕ ತಂತಿ ಮಾರ್ಗವನ್ನು 1850ರಲ್ಲಿ ಕಲ್ಕತ್ತಾ ಮತ್ತು ಡೈಮಂಡ್ ಹಾರ್ಬರ್ ನಡುವೆ ಎಳೆಯಲಾಯಿತು. 1855ರಲ್ಲಿ ತಂತಿ ಸೇವೆ ಸಾರ್ವಜನಿಕರಿಗೆ ದೊರೆಯಿತು. 2013ರ ಜುಲೈಯಲ್ಲಿ ಅದು ನಿಂತೇ ಹೋಯಿತು.

ಹಳ್ಳಿಯ ದೂರವಾಣಿಯ ಕಥೆಯಲ್ಲಿ ಬೆಳಗಾವಿ ಜಿಲ್ಲೆಗೆ ವಿಶೇಷ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ನಮ್ಮ ದೇಶದಲ್ಲೇ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ಕೇಂದ್ರಗಳಲ್ಲಿ ಮೊದಲನೆಯದು 1986ರಲ್ಲಿ ಚಾಲನೆಗೊಂಡದ್ದು ಇದೇ ಜಿಲ್ಲೆಯ ಕಿತ್ತೂರಿನಲ್ಲಿ. ಹವಾನಿಯಂತ್ರಣದ ಸೌಕರ್ಯವಿಲ್ಲದೆ, ನಮ್ಮ ಹಳ್ಳಿಗಳ ಧೂಳು ಮತ್ತು ಸೆಕೆಯಲ್ಲಿಯೂ ಕೆಲಸ ಮಾಡುವಂತೆ ಅದನ್ನು ರೂಪಿಸಲಾಗಿತ್ತು. ನಮ್ಮ ಪರಿಸರ ಹೇಗಿದೆ ಎಂದು ಮೊದಲು ತಿಳಿದು, ಆಮೇಲೆ ಯಂತ್ರ ಕಟ್ಟಿದ ಜಾಣತನ ಅದು. ಅನಂತರ ಹಳದಿ ಫಲಕದ ಎಸ್‌ಟಿಡಿ ಬೂತುಗಳು ಬಂದವು, ಹೋದವು. ಈಗ ಹೆಚ್ಚಿನ ಮನೆಗಳಲ್ಲಿ ಮೊಬೈಲ್ ಇದೆ.

ಕೈಯಲ್ಲಿರುವ ಮೊಬೈಲಿಗೆ ತಂತಿ ಇಲ್ಲ. ಆದುದರಿಂದ ಅದಕ್ಕೆ ಯಾವುದರ ಹಂಗೂ ಇಲ್ಲವೆಂದು ನಾವು ತಿಳಿಯುತ್ತೇವೆ. ನಿಜಸಂಗತಿ ಬೇರೆ. ಫೋನಿನ ಅಲೆ ಹಾರುವುದು ಹತ್ತಿರದ ಟವರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಮಾತು ಸಾಗುವುದು ಸಾಮಾನ್ಯವಾಗಿ ನೆಲದೊಳಗಿನ ಗಾಜಿನ ಎಳೆಯ ಕೇಬಲ್ಲಿನಲ್ಲಿ, ಇಲ್ಲವೇ ಇನ್ನೊಂದು ಟವರಿನ ಮೂಲಕ. ಕೇಬಲ್ಲು ರಸ್ತೆಯ ಅಂಚಿನಲ್ಲಿ ಹೋಗುತ್ತದೆ, ಸೇತುವೆಗೆ ಆತುಕೊಂಡು ಹೊಳೆ ದಾಟುತ್ತದೆ. ಟವರಿಗೆ ವಿದ್ಯುತ್ ಬೇಕು. ವಿದ್ಯುತ್ ಹೋದರೆ ಬ್ಯಾಟರಿ ಕೆಲವು ಗಂಟೆ ಕಾಯುತ್ತದೆ. ಆಮೇಲೆ ಡೀಸೆಲ್ ಜನರೇಟರ್. ಡೀಸೆಲ್ ಬರುವುದು ರಸ್ತೆಯಿಂದ.

ಹೊಳೆ ಏರಿದಾಗ ಏನಾಗುತ್ತದೆ ನೋಡಿ. ವಿದ್ಯುತ್ ಪರಿವರ್ತಕಗಳು ಮುಳುಗುವುದರಿಂದ, ಜೀವಹಾನಿ ಆಗದಿರಲೆಂದು ಸರಬರಾಜು ನಿಲ್ಲಿಸಬೇಕಾಗುತ್ತದೆ. ರಸ್ತೆ, ಸೇತುವೆ ನೀರಿನಡಿ ಹೋಗುತ್ತವೆ. ಕೇಬಲ್ಲು ಕೊಚ್ಚಿಹೋದರೂ ದುರಸ್ತಿಗಾರರು ಅಲ್ಲಿಗೆ ತಲುಪಲಾರರು. ವಿದ್ಯುತ್, ರಸ್ತೆ, ದೂರವಾಣಿ ಎಂಬ ಮೂರು ಬೇರೆ ಬೇರೆ ಸೌಕರ್ಯಗಳು ಇವೆ ಎಂದುಕೊಂಡಿದ್ದೆವು. ಹೊಳೆ ಬಂದಾಗ ಅವು ಒಂದೇ ಸರಪಳಿಯ ಕೊಂಡಿಗಳೆಂದು ತಿಳಿಯುತ್ತದೆ.

2019ರ ಆಗಸ್ಟ್‌ನಲ್ಲಿ ಸಾಂಗ್ಲಿ, ಕೊಲ್ಹಾಪುರಗಳು ಮುಳುಗಿದವು. ಪುಣೆ–ಬೆಂಗಳೂರು ಹೆದ್ದಾರಿ ಕೊಲ್ಹಾಪುರದ ಬಳಿ ದಿನಗಟ್ಟಲೆ ಬಂದ್ ಆಯಿತು. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ನದಿತೀರದ ಜನ ಮನೆಮಠ ಬಿಟ್ಟು ಪರಿಹಾರ ಕೇಂದ್ರ ಸೇರಬೇಕಾಯಿತು. ಎರಡು ವರ್ಷದ ಮೇಲೆ, 2021ರ ಜುಲೈಯಲ್ಲಿ ಹೊಳೆ ಮತ್ತೆ ಬಂತು. ಆ ವರ್ಷದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಕೊರೋನಾ ಕಾರಣದಿಂದ ಎರಡೇ ದಿನಕ್ಕೆ ಇಳಿದಿತ್ತು. ಜುಲೈ 19 ಮತ್ತು 22 ಆ ದಿನಗಳು. ಎರಡನೆಯ ಪರೀಕ್ಷೆ ಮುಗಿಯುವ ಹೊತ್ತಿಗೇ ಘಟ್ಟದ ಮೇಲೆ ಮಳೆ ಜೋರಾಗಿತ್ತು. ಉಳಿದ ತರಗತಿಗಳ ಮಕ್ಕಳಿಗೆ ಶಾಲೆ ಇನ್ನೂ ತೆರೆದಿರಲಿಲ್ಲ. ಪಾಠವೆಲ್ಲ ಫೋನಿನಲ್ಲಿ, ಚಂದನ ವಾಹಿನಿಯಲ್ಲಿ. ವಿದ್ಯುತ್ ಹೋದ ಊರಿನಲ್ಲಿ ಪಾಠವೂ ಹೋಗುತ್ತದೆ. ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಮಗ ಫೋನ್ ಮಾಡಿ ಉತ್ತರ ಸಿಗದೆ ಒದ್ದಾಡುವುದು ಇಂಥ ದಿನಗಳಲ್ಲಿಯೇ.

ಇದು ಹಳ್ಳಿಯ ಪಾಡು ಮಾತ್ರವಲ್ಲ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಕೇಬಲ್ಲುಗಳು ತುಂಡಾದಾಗ ಭಾರತದ ಅಂತರ್ಜಾಲವೇ ಕುಂಟಿತು. 2022ರ ಜನವರಿ 15ರಂದು ಪೆಸಿಫಿಕ್ ಸಾಗರದ ಟೋಂಗಾ ದ್ವೀಪರಾಷ್ಟ್ರದಲ್ಲಿ ಜ್ವಾಲಾಮುಖಿ ಸಿಡಿಯಿತು. ದೇಶವನ್ನು ಹೊರಜಗತ್ತಿಗೆ ಜೋಡಿಸಿದ್ದ ಒಂದೇ ಒಂದು ಕೇಬಲ್ಲು ಹರಿಯಿತು. ಅದನ್ನು ಸರಿಪಡಿಸಲು ಸುಮಾರು ಐದು ವಾರ ಹಿಡಿಯಿತು. 2024ರ ಜುಲೈ 19ರಂದು ನೀರೂ ಇಲ್ಲ, ಬೆಂಕಿಯೂ ಇಲ್ಲ. ಒಂದು ತಂತ್ರಾಂಶದ ದೋಷಕ್ಕೆ ಜಗತ್ತಿನ ಎಷ್ಟೋ ಗಣಕಯಂತ್ರಗಳು ಸ್ತಬ್ಧವಾದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಕೊನೆಗೆ ಕೈಹಿಡಿದದ್ದು ಪೆನ್ನು, ಕಾಗದ!

ಹಾಗೆಂದು ಹೊಸ ಸಾಧನಗಳನ್ನು ಹಳಿಯಬೇಕಾಗಿಲ್ಲ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಮೊಬೈಲುಗಳು ಏಕಕಾಲಕ್ಕೆ ಜೋರಾಗಿ ಸದ್ದು ಮಾಡಿದ್ದು ಅನೇಕರಿಗೆ ನೆನಪಿರಬಹುದು. ಅದು ವಿಪತ್ತಿನ ಮುನ್ನೆಚ್ಚರಿಕೆಯ ಪರೀಕ್ಷೆ. ಅದನ್ನು ರೂಪಿಸಿದ್ದು ಕಿತ್ತೂರಿಗೆ ದೂರವಾಣಿ ಕೇಂದ್ರ ಕೊಟ್ಟ ಅದೇ ಸಿ-ಡಾಟ್. ಒಂದು ಪ್ರದೇಶದ ಟವರುಗಳಿಂದ ಅಲ್ಲಿಯ ಎಲ್ಲ ಫೋನುಗಳಿಗೂ ಒಮ್ಮೆಲೇ ಸಂದೇಶ ಹೋಗುತ್ತದೆ. ಹೊಳೆದಂಡೆಯ ಊರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ? ಆದರೆ ಟವರು ಬದುಕಿದ್ದರೆ ಮಾತ್ರ ಅದು ಕೂಗೀತು. ಆದ್ದರಿಂದ ಟವರು ಮಾತನಾಡುತ್ತಿರುವಾಗಲೇ ಎದ್ದು ಹೊರಡಬೇಕು. ಇನ್ನಷ್ಟು ನೋಡೋಣ ಎಂದು ಕುಳಿತವರಿಗೆ ಎರಡನೆಯ ಕೂಗು ಕೇಳದೆ ಹೋಗಬಹುದು.

ಮೌನದ ದಿನಗಳಿಗೂ ಮನೆಯಲ್ಲಿ ಒಂದು ಸಿದ್ಧತೆ ಇರಲಿ. ಅಪ್ಪನ, ಅಜ್ಜಿಯ, ಶಾಲೆಯ ಫೋನ್ ನಂಬರನ್ನು ಎಷ್ಟು ಮಕ್ಕಳು ಬಾಯಿಪಾಠವಾಗಿ ಹೇಳಬಲ್ಲರು? ಎಲ್ಲವೂ ಫೋನಿನೊಳಗೆ ಸೇರಿಕೊಂಡಿವೆ. ಐದಾರು ನಂಬರುಗಳನ್ನು ನೋಟುಪುಸ್ತಕದಲ್ಲಿ ಬರೆದಿಡಲಿ. ಹೊಳೆ ಬಂದರೆ, ಫೋನು ಸಿಗದಿದ್ದರೆ, ಮನೆಮಂದಿಯೆಲ್ಲ ಯಾವ ಬೀಗರ ಊರಲ್ಲಿ, ಯಾವ ಗುಡಿಯ ಹತ್ತಿರ ಸೇರಬೇಕೆಂದು ಮೊದಲೇ ಮಾತಾಡಿಕೊಳ್ಳಲಿ. ಶೆಲ್ಲು ಹಾಕುವ ಒಂದು ಬ್ಯಾಟರಿ, ಒಂದಿಷ್ಟು ನಗದು ಹಣ, ಅಂಕಪಟ್ಟಿಗಳಿಗೆ ನೀರು ಇಳಿಯದ ಒಂದು ಚೀಲ ಕೈಗೆ ಸಿಗುವಂತಿರಲಿ.

ಮಳೆಗಾಲ ಕಳೆದ ಮೇಲೆ ಕೃಷ್ಣೆ ಮತ್ತೆ ತನ್ನ ಪಾತ್ರಕ್ಕೆ ಇಳಿಯುತ್ತಾಳೆ. ಕಬ್ಬಿನ ಗಾಡಿಗಳು ರಸ್ತೆಗೆ ಬರುತ್ತವೆ. ಫೋನುಗಳು ಎಂದಿನಂತೆ ರಿಂಗಣಿಸುತ್ತವೆ. ಮೇಲಿನ ಕೆಲಸಗಳನ್ನು ಮಾಡಿಕೊಳ್ಳಲು ತಕ್ಕ ಕಾಲ ಅದೇ.